ಒಂದು ತಾಸಿನ ಲೆಕ್ಕ

ಅಬರ್ಡೀನಿನಿಂದ ಬರ್ಗೆನ್ನಿಗೆ
ಐನೂರು ಕಿಲೋಮೀಟರ್, ಮೇಲೆ ಚೂರುಪಾರು.
ನಡುವೆ ಊರಿಲ್ಲ, ಮರವಿಲ್ಲ, ದಾರಿ ಕೇಳಲು ಆಳಿಲ್ಲ,
ಬರೀ ಕಡಲು, ಅಲ್ಲಲ್ಲಿ
ಎಣ್ಣೆ ತೆಗೆಯುವ ಕಬ್ಬಿಣದ ಅಟ್ಟಗಳು.
ಹಾರಾಟ ಒಂದು ತಾಸು ಹತ್ತು ನಿಮಿಷ.

ಇದನ್ನೆಲ್ಲ ನನಗೆ ಕಲಿಸಿದ್ದು ಏಲಿ.
ವಯಸ್ಸು ಒಂಬತ್ತು. ಕೊರಳಲ್ಲಿ ಪ್ಲಾಸ್ಟಿಕ್ ಚೀಲ,
ಅದರಲ್ಲಿ ಪಾಸ್‌ಪೋರ್ಟು, ಅಮ್ಮನ ಸಹಿ, ಅಪ್ಪನ ಫೋನ್ ನಂಬರು.
ವಾರ ಬಿಟ್ಟು ವಾರ, ಶುಕ್ರವಾರ,
ಅವಳ ಕೈಹಿಡಿದು ಗೇಟು ಮುಟ್ಟಿಸುವುದು ನನ್ನ ನೌಕರಿ.
ಕೈ ಕೊಡುವುದಿಲ್ಲ ಅವಳು;
ನನ್ನ ಕೋಟಿನ ತೋಳಂಚು ಎರಡು ಬೆರಳಲ್ಲಿ ಹಿಡಿಯುತ್ತಾಳೆ.
ಅವಳ ಹೆಸರು ಬರೆಯುವುದೊಂದು, ಕರೆಯುವುದೊಂದು.
ಮೊದಲ ದಿನ ಅಂಗೈ ಮೇಲೆ ಕನ್ನಡದಲ್ಲಿ ಗೀಚಿಕೊಂಡಿದ್ದೆ,
ಎರಡೇ ಅಕ್ಷರ.
"ಇದರಲ್ಲಿ ನಾನು ಯಾವುದು?" ಅಂದಳು.

ನನ್ನಜ್ಜಿ ಬಾಯಲ್ಲೇ ದಾರಿ ಅಳೆದವಳು.
ಎಷ್ಟು ದೂರ ಅಂದರೆ,
"ಒಂದ್ ಎಲಿ ಹಾಕ್ಕೊಂಡು ಉಗುಳೂದ್ರಾಗ ಬಂದಬಿಡ್ತದ."
ಸಂತೆ ಒಂದೆಲೆ. ತವರು ಎರಡೆಲೆ.
ಕೂಗಿದರೆ ಕೇಳುವುದು ಅವಳಿಗೆ ದೂರವೇ ಅಲ್ಲ.
ಕೂಗಿದರೂ ಕೇಳದ್ದಕ್ಕೆ ಅಳತೆ ಇರಲಿಲ್ಲ ಅವಳಲ್ಲಿ,
ಸುಮ್ಮನೆ ಸುಣ್ಣ ಒರೆಸಿಕೊಳ್ಳುತ್ತಿದ್ದಳು ಗೋಡೆಗೆ.

ತಪಾಸಣೆಯ ಸಾಲಿನಲ್ಲಿ ಬೂಟು ಬಿಚ್ಚುತ್ತ ಏಲಿ ಅನ್ನುತ್ತಾಳೆ:
"ನಾಲ್ಕಕ್ಕೆ ಹೊರಟರೆ ಅಲ್ಲಿ ಆರೂ ಹತ್ತು.
ಭಾನುವಾರ ಅಲ್ಲಿ ಆರಕ್ಕೆ ಹೊರಟರೆ ಇಲ್ಲಿ ಆರೂ ಹತ್ತು.
ಹೋಗುವಾಗ ಒಂದು ತಾಸು ಕಳೆಯುತ್ತೆ, ಬರುವಾಗ ಸಿಗುತ್ತೆ.
ನಡುವೆ ಎರಡು ದಿನ ಅದು ಎಲ್ಲಿರುತ್ತೆ?"

ಆರನೇ ಇಯತ್ತೆಯಲ್ಲಿ ಲೆಕ್ಕಕ್ಕೇ ಛಡಿಯೇಟು ತಿಂದವಳು ನಾನು.
"ಕಳೆದ ಸಾಮಾನಿನ ಕೋಣೆಯಲ್ಲಿ" ಅಂದೆ.
ನಗಲಿಲ್ಲ.
"ಅಪ್ಪನ ಹತ್ತಿರ. ಇಟ್ಟುಕೊಳ್ಳಲಿ ಅಂತ ನಾನೇ ಬಿಟ್ಟಿರ್ತೀನಿ.
ಪ್ರತೀ ಸಲ ವಾಪಸು ಕೊಟ್ಟುಬಿಡ್ತಾನೆ."

ಇಲ್ಲಿ ಕಡಲಿಂದೇಳುವ ಮಂಜಿಗೆ ಹಾರ್ ಅನ್ನುತ್ತಾರೆ.
ನನ್ನ ಭಾಷೆಯಲ್ಲಿ ಹಾರು ಅಂದರೆ ಅಪ್ಪಣೆ.
ಆ ಹಾರ್ ಬಂತೆಂದರೆ ಈ ಹಾರು ಇಲ್ಲ.

ಮೇ ತಿಂಗಳ ಒಂದು ಶುಕ್ರವಾರ ಬಂತು.
ಮೊದಲು ರನ್‌ವೇ ಹೋಯಿತು, ಆಮೇಲೆ ಬೇಲಿ,
ಆಮೇಲೆ ಗಾಜಿನಾಚೆ ನಿಂತಿದ್ದ ವಿಮಾನದ ಬಾಲ.
ಫಲಕದಲ್ಲಿ ನಾಲ್ಕು ಐದೂವರೆಯಾಯಿತು,
ಐದೂವರೆ ಆರೂ ಮುಕ್ಕಾಲಾಯಿತು.
ಏಲಿ ಪ್ರತೀ ಸಲ ಬೆರಳಲ್ಲಿ ಒಂದು ಕೂಡಿಸಿದಳು.
ಅಪ್ಪ ಫೋನು ಮಾಡಿದ: ಅಲ್ಲಿ ಎಳೆಬಿಸಿಲಂತೆ,
ಬಾಗಿಲ ಹತ್ತಿರವೇ ನಿಂತಿದ್ದಾನಂತೆ,
ದಾಲ್ಚಿನ್ನಿ ಬನ್ನು ಚೀಲದಲ್ಲಿ ಆರುತ್ತಿದೆಯಂತೆ.
"ತಿಂದುಬಿಡು" ಅಂದಳು.
ಸ್ವಲ್ಪ ಹೊತ್ತು ಬಿಟ್ಟು, "ಅರ್ಧ."

ಅವಳ ಜೇಬಿನಲ್ಲಿ ಸದಾ ಎರಡು ಚೂಯಿಂಗ್ ಗಮ್,
ಏರುವಾಗ ಕಿವಿ ಕಟ್ಟದಿರಲು ಒಂದು, ಇಳಿಯುವಾಗ ಇನ್ನೊಂದು.
ಅದನ್ನು ನೋಡಿದಾಗ ಹೊಳೆಯಿತು, ಅಜ್ಜಿಗೆ ಹೇಳಬಹುದಿತ್ತು:
ಬರ್ಗೆನ್ನಾ? ಎರಡೆಲಿ ಬೇ. ನಿನ್ನ ತವರಿನಷ್ಟ.

ಎಂಟಕ್ಕೆ ರದ್ದು.
ಅಮ್ಮ ಬಂದಳು, ಹಲ್ಲಿನ ಆಸ್ಪತ್ರೆಯ ನೀಲಿ ಅಂಗಿಯಲ್ಲೇ,
ಕಾರಿನ ದೀಪ ಉರಿಯುತ್ತಲೇ ಇತ್ತು ಮಂಜಿನಲ್ಲಿ.
ನಾನು ಕಾಗದ ತುಂಬಿದೆ.
ಹೊರಟ ಊರು: ಅಬರ್ಡೀನ್.
ಮುಟ್ಟಿದ ಊರು: ಅಬರ್ಡೀನ್.
ಒಪ್ಪಿಸಿಕೊಂಡವರ ಸಹಿ.

ಏಲಿ ಒಂದು ಗಮ್ ಆಗಲೇ ಅಗಿದಿದ್ದಳು.
ಇಳಿಯಲು ಇಟ್ಟಿದ್ದನ್ನು ನನಗೆ ಕೊಟ್ಟಳು,
ತೋಳಂಚು ಬಿಟ್ಟಳು.

ಊರಿಗೆ ಹೋಗುವ ಕೊನೆಯ ಬಸ್ಸು, ಮೇಲಂತಸ್ತು, ಮುಂದಿನ ಸೀಟು.
ಕಾಣುವುದೇನಿರಲಿಲ್ಲ.
ಅಗಿಯುತ್ತ ಕೂತೆ.
ಸಿಹಿ ಮುಗಿಯುವ ಹೊತ್ತಿಗೆ
ಯೂನಿಯನ್ ಸ್ಟ್ರೀಟ್.